ನಿಮ್ಮ ಸಿಬಿಲ್ ಎಷ್ಟೈತ್ರೀ?

ಬಾದಾಮಿ ಸೀಮೆಯಲ್ಲಿ ಹೊಸಬರು ಎದುರಾದರೆ ಮೊದಲು ಊರು ಕೇಳುತ್ತಿದ್ದರು. ಆಮೇಲೆ ಅಡ್ಡಹೆಸರು. ಅಡ್ಡಹೆಸರಿನಿಂದ ಜಾತಿ ಬಗೆಹರಿಯದಿದ್ದರೆ ಯಾವ ಮಠದವರು ಎಂಬ ಪ್ರಶ್ನೆ. ಹೊಲ ಎಷ್ಟು ಎಕರೆ, ನೀರಾವರಿಯೋ ಮಳೆಯಾಶ್ರಯವೋ ಎನ್ನುವ ಹೊತ್ತಿಗೆ ಚಹಾ ಮುಗಿದು ಮನುಷ್ಯನ ಪೂರ್ತಿ ಅಳತೆ ಸಿಕ್ಕಿರುತ್ತಿತ್ತು. ಈಗ ಅಷ್ಟೆಲ್ಲ ಸುತ್ತು ಬೇಡ. ಶ್ರಾವಣದ ಸೋಮವಾರ ಮಹಾಕೂಟದ ಹೊಂಡದ ಮೆಟ್ಟಿಲ ಮೇಲೆ ಒದ್ದೆ ಧೋತರ ಹಿಂಡುತ್ತಿದ್ದ ಇಬ್ಬರು ಹಿರಿಯರು ಬೀಗತನದ ಮಾತು ತೆಗೆದಿದ್ದರು. ಹೆಣ್ಣಿನ ಕಡೆಯವರು ಪೀಠಿಕೆಯಿಲ್ಲದೆ ಕೇಳಿಯೇಬಿಟ್ಟರು: "ಹುಡುಗನ ಸಿಬಿಲ್ ಎಷ್ಟೈತ್ರೀ?"

ಗಂಡಿನ ಕಡೆಯವರು ಗೋತ್ರ ಹೇಳುವಷ್ಟೇ ಸಲೀಸಾಗಿ "ಏಳನೂರಾ ಎಂಬತ್ತರಿ" ಅಂದರು. ಹುಡುಗ ಏನು ಓದಿದ್ದಾನೆಂದು ಯಾರೂ ಕೇಳಲಿಲ್ಲ. ಕುಡಿಯುತ್ತಾನೋ ಎಂದೂ ಕೇಳಲಿಲ್ಲ. ಸಾಲವನ್ನು ಎಷ್ಟು ನೆಟ್ಟಗೆ ತೀರಿಸುತ್ತಾನೆ ಎಂದು ಹೇಳುವ ಆ ಒಂದು ಅಂಕ ಸಾಕಾಯಿತು.

ನಗುವ ವಿಷಯ ಅಲ್ಲ ಇದು. ಮಹಾರಾಷ್ಟ್ರದ ಅಕೋಲಾ ಜಿಲ್ಲೆಯ ಮೂರ್ತಿಜಾಪುರದಲ್ಲಿ ಎಲ್ಲ ಒಪ್ಪಿಗೆಯಾಗಿ ಇನ್ನೇನು ಮದುವೆ ಎನ್ನುವಾಗ ಹೆಣ್ಣಿನ ಕಡೆಯ ಮಾವನೊಬ್ಬ ಹುಡುಗನ ಸಿಬಿಲ್ ನೋಡಬೇಕೆಂದು ಹಟ ಹಿಡಿದ, ನೋಡಿದ, ಮದುವೆ ಮುರಿಯಿತು. 2025ರ ಫೆಬ್ರುವರಿಯಲ್ಲಿ ದೇಶದ ಪತ್ರಿಕೆಗಳೆಲ್ಲ ಈ ಸುದ್ದಿಯನ್ನು ಅಚ್ಚು ಹಾಕಿದವು. ಅದೇ ವರ್ಷ ಜೂನಿನಲ್ಲಿ ಮದ್ರಾಸ್ ಹೈಕೋರ್ಟು, ಸಿಬಿಲ್ ಕೆಟ್ಟಿದೆಯೆಂದು ಅಭ್ಯರ್ಥಿಯೊಬ್ಬರ ನೇಮಕವನ್ನು ಸ್ಟೇಟ್ ಬ್ಯಾಂಕು ರದ್ದು ಮಾಡಿದ್ದು ಸರಿಯೆಂದು ತೀರ್ಪು ಕೊಟ್ಟಿತು. ಸಾಲ ತೀರಿಸಲು ನೌಕರಿ ಬೇಕು, ನೌಕರಿ ಸಿಗಲು ಸಾಲ ತೀರಿರಬೇಕು. ನೌಕರಿ ಇಲ್ಲದವನಿಗೆ ಹೆಣ್ಣು ಮೊದಲೇ ಸಿಗುತ್ತಿರಲಿಲ್ಲ. ಒಟ್ಟಿನಲ್ಲಿ ಸಂಸಾರವೇ ಇಲ್ಲದ ಮೇಲೆ ಸಾಲದ ಗೊಡವೆ ಏಕೆ ಎಂಬ ವೈರಾಗ್ಯಕ್ಕೆ ಇದೊಂದು ಒಳ್ಳೆಯ ದಾರಿ.

ಜಾತಕದಲ್ಲಿ 36 ಗುಣಕ್ಕೆ 18 ಕೂಡಿದರೆ ಶಾಸ್ತ್ರಿಗಳು ಹೂಂ ಅನ್ನುತ್ತಿದ್ದರು. ಇಲ್ಲಿ ಲೆಕ್ಕ 300ರಿಂದ 900. ಎಲ್ಲ ಉತ್ತರ ತಪ್ಪು ಬರೆದು ಬಂದರೂ ಮುನ್ನೂರು ಅಂಕ ಕೊಡುವ ಪರೀಕ್ಷೆ ಇದು. ಆದರೆ 750ರ ಕೆಳಗೆ ಇಳಿದರೆ ಮ್ಯಾನೇಜರ್ ಸಾಹೇಬರ ಮುಖದ ಮೇಲೆ ಅಮಾವಾಸ್ಯೆ. ಇನ್ನು ಜನ್ಮದಲ್ಲಿ ಸಾಲವನ್ನೇ ಮಾಡದವನ ಅಂಕ? ಮೈನಸ್ ಒಂದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಕಲಿಸಿದ ಅಪ್ಪನಿಗೂ ಮೈನಸ್ ಒಂದು, ಕಲಿತ ಮಗನಿಗೂ ಮೈನಸ್ ಒಂದು. ಹಾಸಿಗೆಯನ್ನೇ ಕಂತಿನ ಮೇಲೆ ತಂದವನಿಗೆ ಏಳುನೂರೈವತ್ತು.

ಆ ಬೀಗರು ಮುಳುಗಿ ಎದ್ದದ್ದು ವಿಷ್ಣು ಪುಷ್ಕರಿಣಿಯಲ್ಲಿ. ಒರತೆಯ ನೀರು, ನಡುವೆ ಪುಟ್ಟ ಮಂಟಪ, ಅದರೊಳಗೆ ನಾಲ್ಕು ಮುಖದ ಲಿಂಗ. ಪಕ್ಕದಲ್ಲಿ ಪಾಪವಿನಾಶ ತೀರ್ಥವೂ ಇದೆ. ದಕ್ಷಿಣ ಕಾಶಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಭಕ್ತಿಯಿಂದ ಒಂದು ಮುಳುಗು ಹಾಕಿದರೆ ಜನ್ಮಜನ್ಮದ ಬಾಕಿ ವಜಾ. ಮಹಾಕೂಟೇಶ್ವರನದು ನಿಜವಾದ ಒನ್ ಟೈಮ್ ಸೆಟಲ್‌ಮೆಂಟ್. ಪಾಪ ಮನ್ನಾ ಮಾಡಿದ ಮೇಲೆ ಹೆಸರಿನ ಮುಂದೆ "ಸೆಟಲ್ಡ್" ಎಂದು ಬರೆದು ಇನ್ನೊಂದು ದೇವರಿಗೆ ಕಳಿಸುವುದಿಲ್ಲ. ಬ್ಯಾಂಕಿನಲ್ಲಿ ರಾಜಿ ಮಾಡಿಕೊಂಡು ಬಡ್ಡಿ ಬಿಡಿಸಿಕೊಂಡವನ ಹಣೆಯ ಮೇಲೆ ಮಾತ್ರ ಆ ಪದ ಕೂತೇಬಿಡುತ್ತದೆ. ದಾಖಲೆಯನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು? ಕನಿಷ್ಠ ಏಳು ವರ್ಷ ಎನ್ನುತ್ತದೆ ನಿಯಮ. ಶನಿಮಹಾತ್ಮ ಏಳೂವರೆ ವರ್ಷ ಕಾಡುತ್ತಾನೆ ನಿಜ, ಆದರೆ ಅವನ ಪುಸ್ತಕದಲ್ಲಿ "ಕನಿಷ್ಠ" ಎಂಬ ಶಬ್ದ ಇಲ್ಲ. ಅವಧಿ ಮುಗಿದ ದಿನ ಎದ್ದು ಹೋಗುತ್ತಾನೆ.

ಹಾಗಂತ ಲೆಕ್ಕ ಬರೆದಿಡುವುದು ಮಹಾಕೂಟಕ್ಕೆ ಹೊಸದೇನಲ್ಲ. ಗುಡಿಯ ಮುಖಮಂಟಪದ ಕಂಬದಲ್ಲಿ ವಿನಾಪೋಟಿಯ ಶಾಸನ ಇದೆ. ಎಂಟನೆಯ ಶತಮಾನದ ಆರಂಭದಲ್ಲಿ ಆಳಿದ ಚಾಲುಕ್ಯ ಅರಸ ವಿಜಯಾದಿತ್ಯನ ಪ್ರಾಣವಲ್ಲಭೆ ಈಕೆ. ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿದಳು, ಬೆಳ್ಳಿಯ ಕೊಡೆ ಕೊಟ್ಟಳು, ಮಂಗಳುಲ್ಲೆಯಲ್ಲಿ ಹೊಲ ಬಿಟ್ಟಳು. ಈ ತಾಯಿ ಇವತ್ತು ಬಾದಾಮಿಯ ಯಾವುದಾದರೂ ಬ್ಯಾಂಕಿಗೆ ಹೋಗಿ ನಿಂತರೆ ಏನಾಗಬಹುದು? "ಹೊಲದ ಉತಾರ ತಂದೀರೇನವ್ವಾ? ಐ.ಟಿ. ರಿಟರ್ನ್ ಮೂರ್ ವರ್ಷದ್ದು? ನೌಕರಿ ಕಾಲಮ್ಮಿಗೆ ಪ್ರಾಣವಲ್ಲಭೆ ಅಂತ ಬರದೀರಿ, ನಮ್ಮ ಕಂಪ್ಯೂಟರಿನ್ಯಾಗ ಹಂತಾ ಆಪ್ಷನ್ ಇಲ್ಲ." ಬೆಳ್ಳಿಯ ಕೊಡೆಯನ್ನೇ ಒತ್ತೆ ಇಟ್ಟುಕೊಳ್ಳಿ ಅಂದರೆ ಬಂಗಾರ ಇದ್ದರೆ ನೋಡೋಣ ಅಂದಾರು. ಕೊನೆಗೆ ಬರುವುದು ಅದೇ ಉತ್ತರ: ಅಂಕ ಮೈನಸ್ ಒಂದು, ಇತಿಹಾಸ ಇಲ್ಲ. ಸಾವಿರದ ಮುನ್ನೂರು ವರ್ಷದಿಂದ ಕಲ್ಲಿನ ಮೇಲೆ ಇತಿಹಾಸ ಬರೆದುಕೊಂಡು ನಿಂತವಳಿಗೆ.

ಇನ್ನು ಚಾಲುಕ್ಯರ ಮಂಗಳೇಶನನ್ನು ನೋಡಿ. ಸುಮಾರು 602ರಲ್ಲಿ ಇಲ್ಲಿ ಧರ್ಮದ ಜಯಸ್ತಂಭ ನಿಲ್ಲಿಸಿದ ಮಹಾರಾಜ. ಆ ಕಂಬ ಈಗ ವಿಜಯಪುರದ ಮ್ಯೂಸಿಯಮ್ಮಿನಲ್ಲಿದೆ. ಹತ್ತು ಹಳ್ಳಿಗಳನ್ನು ದೇವರಿಗೆ ಬಿಟ್ಟ ಲೆಕ್ಕ ಅದರಲ್ಲಿದೆ. ಆದಾಯದ ಮೂಲವನ್ನೂ ಮುಚ್ಚಿಟ್ಟಿಲ್ಲ. ಕಲಚೂರಿ ಬುದ್ಧರಾಜನನ್ನು ಸೋಲಿಸಿ ಕೊಳ್ಳೆ ಹೊಡೆದದ್ದನ್ನು ರಾಜಾರೋಷವಾಗಿ ಕೆತ್ತಿಸಿದ್ದಾನೆ. ಇಷ್ಟು ಪ್ರಾಮಾಣಿಕವಾದ ಆದಾಯ ಪತ್ರವನ್ನು ಇತ್ತೀಚೆಗೆ ಯಾವ ಅಭ್ಯರ್ಥಿಯೂ ಸಲ್ಲಿಸಿದ್ದು ಕಾಣೆ. ಆದರೆ ಅವನ ಸಾಲದ ಚರಿತ್ರೆ ಐಹೊಳೆಯ ಮೇಗುಟಿಯಲ್ಲಿದೆ, 634ರಲ್ಲಿ ರವಿಕೀರ್ತಿ ಬರೆದದ್ದು. ಅಣ್ಣನ ಮಗ ಪುಲಕೇಶಿಗೆ ಒಪ್ಪಿಸಬೇಕಾದ ರಾಜ್ಯವನ್ನು ತನ್ನ ಮಗನಿಗೆ ಕೊಡಲು ಹೋಗಿ ರಾಜ್ಯವನ್ನೂ ಜೀವವನ್ನೂ ಕಳೆದುಕೊಂಡ. ಹೊತ್ತಿಗೆ ತಿರುಗಿ ಕೊಡಲಿಲ್ಲ, ಕೊಡುವ ಮನಸ್ಸೂ ಇರಲಿಲ್ಲ. ಇಂಥವರಿಗೆ ಬ್ಯಾಂಕಿನವರು ಉದ್ದೇಶಪೂರ್ವಕ ಸುಸ್ತಿದಾರ ಎನ್ನುತ್ತಾರೆ. ಒಂದು ವ್ಯತ್ಯಾಸ ಮಾತ್ರ ಗಮನಿಸಿ. ಒಳ್ಳೆಯದನ್ನು ಮಹಾಕೂಟದಲ್ಲಿ, ಕೆಟ್ಟದ್ದನ್ನು ಐಹೊಳೆಯಲ್ಲಿ, ಎರಡನ್ನೂ ಹಾದಿಹೋಕರು ಓದುವ ಹಾಗೆ ಕಲ್ಲಿನ ಮೇಲೆ ಬರೆದರು. ಓಟಿಪಿ ಕೇಳಲಿಲ್ಲ.

ನಮ್ಮ ನಿಮ್ಮ ಲೆಕ್ಕ ಬರೆಯುವವರು ನಾಲ್ವರು. ಸಿಬಿಲ್ 2000ದಲ್ಲಿ ಹುಟ್ಟಿದ್ದು. ಆಗ ನಮ್ಮದೇ ಬ್ಯಾಂಕುಗಳ ಕೂಸು, ಈಗ ಶಿಕಾಗೋದ ಟ್ರಾನ್ಸ್‌ಯೂನಿಯನ್ನಿನ ಮನೆ ಸೇರಿದೆ. ಎಕ್ಸ್‌ಪೀರಿಯನ್ನಿನ ಹಿರಿಮನೆ ಡಬ್ಲಿನ್, ಇಕ್ವಿಫ್ಯಾಕ್ಸಿನದು ಅಟ್ಲಾಂಟಾ, ಕ್ರಿಫ್ ಹೈಮಾರ್ಕಿನದು ಇಟಲಿಯ ಬೊಲೋನ್ಯಾ. ಗುಳೇದಗುಡ್ಡದ ನೇಕಾರ ಯಾವ ತಿಂಗಳು ಕಂತು ತಪ್ಪಿಸಿದ ಎಂಬುದು ಅವನ ಹೆಂಡತಿಗೆ ಗೊತ್ತಿರಲಿಕ್ಕಿಲ್ಲ, ಇವರಿಗೆ ಗೊತ್ತಿದೆ. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆ ನಮ್ಮ ವರದಿ ಒಪ್ಪಿಸತೊಡಗಿದವು. ಮೊದಲು ತಿಂಗಳಿಗೊಮ್ಮೆ ಇತ್ತು. ಅಮಾವಾಸ್ಯೆ ಹುಣ್ಣಿಮೆ ಲೆಕ್ಕ ಎಂದುಕೊಳ್ಳಿ. ಇಷ್ಟು ಜೋಪಾನವಾಗಿ ಕೂಡಿಟ್ಟ ದಾಖಲೆ ಎಷ್ಟು ಭದ್ರ ಎಂದರೆ, 2017ರಲ್ಲಿ ಅಮೆರಿಕದ ಇಕ್ವಿಫ್ಯಾಕ್ಸಿಗೆ ಕನ್ನ ಬಿದ್ದು ಸುಮಾರು 14.7 ಕೋಟಿ ಜನರ ವಿವರ ಕಳುವಾಯಿತು. ಕಂತು ತಪ್ಪಿಸಿದರೆ ನಮ್ಮ ಅಂಕ ಇಳಿಯುತ್ತದೆ. ಊರಿನ ಗುಟ್ಟನ್ನೆಲ್ಲ ಕಳಕೊಂಡವರ ಅಂಕ ಎಷ್ಟು ಇಳಿಯಿತೆಂದು ಯಾವ ಪುಟದಲ್ಲೂ ಅಚ್ಚಾಗಿಲ್ಲ.

ಇವರನ್ನು ಚಿತ್ರಗುಪ್ತನಿಗೆ ಹೋಲಿಸುವವರಿದ್ದಾರೆ. ಚಿತ್ರಗುಪ್ತನಿಗೆ ಅದು ಅವಮಾನ. ಅವನು ಲೆಕ್ಕವನ್ನು ಯಮನಿಗೆ ಮಾತ್ರ ಕೊಡುತ್ತಾನೆ, ಕೇಳಿದ ಫೈನಾನ್ಸ್ ಕಂಪನಿಗೆಲ್ಲ ಮಾರುವುದಿಲ್ಲ.

ಹಿಂದಿನ ಕಾಲವೇ ಚೆಂದವಿತ್ತು ಎಂದು ರಾಗ ಎಳೆಯುವ ಇರಾದೆ ನನಗಿಲ್ಲ. ಸಾವಕಾರರ ಕೆಂಪು ಬಟ್ಟೆಯ ಚೋಪಡಿಯಲ್ಲಿ ಹೆಬ್ಬೆಟ್ಟು ಒತ್ತಿದವನಿಗೆ ಒಳಗೆ ಏನು ಬರೆದಿದೆ ಎಂದು ಸಾಯುವ ತನಕ ಗೊತ್ತಾಗುತ್ತಿರಲಿಲ್ಲ. ಎಷ್ಟೋ ಸಲ ಮೊಮ್ಮಗನಿಗೆ ಗೊತ್ತಾಗುತ್ತಿತ್ತು, ಹೊಲ ಹೋದ ಮೇಲೆ. ಆ ಚೋಪಡಿಯಿಂದ ಬಿಡಿಸಿಕೊಳ್ಳಲೆಂದೇ 1905ರಲ್ಲಿ ಇಲ್ಲೇ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಊರಿನವರ ಪತ್ತು ಊರಿನವರ ಕೈಯಲ್ಲಿ. ಆಮೇಲೆ ಸೊಸೈಟಿಗಳಲ್ಲಿ ಚುನಾವಣೆ ಬಂತು, ಪ್ಯಾನೆಲ್ ಬಂತು, ಬಾರುಕೋಲೂ ಬಂದವು. ಅದು ಬೇರೆ ಕಥೆ. ಆದರೂ ಸೆಕ್ರೆಟರಿ ತಪ್ಪು ಬರೆದರೆ ಅವನ ಮನೆ ಕಟ್ಟೆಗೆ ಹೋಗಿ "ಲೇ, ತೆಗಿ ಹೊರಗ ಆ ಪುಸ್ತಕ" ಅನ್ನಬಹುದಿತ್ತು. ಬೊಲೋನ್ಯಾಕ್ಕೆ ಹೋಗಿ ಅನ್ನಲಿಕ್ಕೆ ಬಸ್ಸಿಲ್ಲ.

ಬಸ್ಸಿಗೆ ಬದಲು ಸರಕಾರ ಒಂದು ಹಕ್ಕು ಕೊಟ್ಟಿದೆ. ಇದನ್ನು ಗೇಲಿ ಮಾಡುವಂತಿಲ್ಲ, ಒಳ್ಳೆಯ ಹಕ್ಕು. 2016ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಆದೇಶ ಮಾಡಿ, 2017ರ ಜನವರಿಯಿಂದ ಪ್ರತಿಯೊಂದು ಕಂಪನಿಯೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು, ಅಂಕದ ಸಮೇತ, ಪುಕ್ಕಟೆ ಕೊಡಬೇಕು ಎಂದಿತು. ನಾಲ್ಕು ಕಂಪನಿ, ನಾಲ್ಕು ವರದಿ. ಜಾಣರಾದರೆ ಮೂರು ತಿಂಗಳಿಗೊಂದು ಕಂಪನಿಯ ಬಾಗಿಲು ತಟ್ಟಿ ವರ್ಷಪೂರ್ತಿ ಪೈಸೆ ಬಿಚ್ಚದೆ ತಮ್ಮ ಮೇಲೆ ತಾವೇ ಕಣ್ಣಿಡಬಹುದು. ನಮ್ಮ ವರದಿ ನಾವೇ ನೋಡಿದರೆ ಅಂಕ ಇಳಿಯುತ್ತದೆ ಎಂಬ ಪುಕಾರು ಸುಳ್ಳು. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನವರು ಇಣುಕಿದರೆ ಇಳಿಯಬಹುದು. ಅಂದರೆ ಒಂದೇ ವಾರದಲ್ಲಿ ಐದು ಬ್ಯಾಂಕು ಸುತ್ತಿದವನನ್ನು ನೋಡಿ ಆರನೆಯ ಬ್ಯಾಂಕು "ಇವನಿಗೆ ಯಾರೂ ಕೊಡಲಿಲ್ಲ, ನಾವು ಯಾಕೆ ಕೊಡಬೇಕು" ಎನ್ನುತ್ತದೆ. ಕನ್ಯೆ ನೋಡಿ ನೋಡಿ ಬಿಟ್ಟುಹೋದವರಿಂದ ಹುಡುಗಿಯ ಹೆಸರು ಕೆಡುವುದನ್ನು ಈ ಊರುಗಳಲ್ಲಿ ವಿವರಿಸಬೇಕಾಗಿಲ್ಲ.

ಹಕ್ಕು ಇದೆ. ಇದೆಯೆಂದು ಹೇಳುವವರು ಯಾರು? ಬ್ಯಾಂಕಿನ ಗೋಡೆಯ ಮೇಲೆ ವಿಮೆಯ ಪೋಸ್ಟರಿದೆ, ಮ್ಯೂಚುವಲ್ ಫಂಡಿನ ಪೋಸ್ಟರಿದೆ, ನಗುನಗುತ್ತ ಕಾರಿನ ಕೀಲಿ ಇಸಿದುಕೊಳ್ಳುವ ದಂಪತಿಯ ಪೋಸ್ಟರಿದೆ.

ಮಹಾಕೂಟದ ಬಾಗಿಲ ಹತ್ತಿರ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಶೇಂಗಾ ಚಟ್ನಿ, ಗಡಿಗೆ ಮೊಸರು ಮಾರುವ ಹೆಂಗಸರಲ್ಲಿ ಒಬ್ಬಾಕೆ ಎಮ್ಮೆ ಸಾಲಕ್ಕೆಂದು ಬ್ಯಾಂಕಿಗೆ ಹೋಗಿದ್ದಳು. ಎಪ್ಪತ್ತು ಸಾವಿರ. ಸಾಹೇಬರು ಕಂಪ್ಯೂಟರಿನ ಕಡೆ ನೋಡಿ, "ಯವ್ವಾ, ನಿನ್ನ ಸಿಬಿಲ್ ಬಿದ್ದೈತಿ" ಅಂದರು. ಆಕೆ ಗಾಬರಿಯಾಗಿ ಕುರ್ಚಿಯ ಕೆಳಗೆ ನೋಡಿದಳು. "ಎಲ್ಲಿ ಬಿದ್ದೈತ್ರೀ ಸಾಹೇಬ್ರ? ಚೀಲದಾಗ ಇದ್ದದ್ದೆಲ್ಲಾ ಇಲ್ಲೇ ಐತಲ್ಲ." ಚೀಲದಲ್ಲಿ ಆಧಾರ್, ರೇಷನ್ ಕಾರ್ಡು, ಯಾರೋ ಮಾಡಿಸಿಕೊಟ್ಟ ಪ್ಯಾನು, ಸಂಘದ ಸಾಲದ ಎರಡು ಪಾಸ್‌ಬುಕ್ಕು ಇದ್ದವು. ಪಾಸ್‌ಬುಕ್ಕಿನಲ್ಲಿ ವಾರವಾರದ ಕಂತಿಗೂ ಸಹಿ ಬಿದ್ದಿತ್ತು.

ಹಳ್ಳಿಯ ಆನ್‌ಲೈನ್ ಅಂಗಡಿಯ ಹುಡುಗನಿಗೆ ಈ ಉಚಿತ ವರದಿಯ ಸುದ್ದಿ ಗೊತ್ತಿತ್ತು. "ಬಾ ದೊಡ್ಡವ್ವಾ, ಫ್ರೀ ಐತಿ ಅದು" ಎಂದು ಕುಳ್ಳಿರಿಸಿದ. ಫಾರ್ಮು ಇಂಗ್ಲಿಷಿನಲ್ಲಿ. ಹೆಸರು ಪ್ಯಾನಿನಲ್ಲಿ ಒಂದು ನಮೂನೆ, ಆಧಾರಿನಲ್ಲಿ ಒಂದು ನಮೂನೆ. ಬ್ಯಾಂಕಿಗೆ ಕೊಟ್ಟಿದ್ದ ಮೊಬೈಲ್ ನಂಬರು ಹುಬ್ಬಳ್ಳಿಗೆ ದುಡಿಯಲು ಹೋದ ಮಗನದು. ಓಟಿಪಿ ಅವನಿಗೆ ಹೋಯಿತು, ಅವನು ಸೆಂಟ್ರಿಂಗ್ ಕೆಲಸದಲ್ಲಿದ್ದ, ಫೋನು ಎತ್ತುವಷ್ಟರಲ್ಲಿ ಓಟಿಪಿ ಸತ್ತಿತ್ತು. ಮತ್ತೊಂದು ತರಿಸಿದ್ದಾಯಿತು. ಆಮೇಲೆ ತೆರೆಯ ತುಂಬ ಹಬ್ಬದ ಸಡಗರ: ತಿಂಗಳಿನ ಪ್ಲಾನು, ಆರು ತಿಂಗಳಿನ ಪ್ಲಾನು, ವರ್ಷದ ಪ್ಲಾನು, ಅದರ ಮೇಲೆ "ಅತಿ ಹೆಚ್ಚು ಜನ ಆರಿಸಿದ್ದು" ಎಂಬ ಪಟ್ಟಿ. ಪುಕ್ಕಟೆ ವರದಿಯ ದಾರಿ ಕೆಳಗೆ ಮೂಲೆಯಲ್ಲಿ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ಕನ್ನಡಕ ಹಾಕಿಕೊಂಡು ಹುಡುಕಬೇಕಾದ ಹಾಗೆ. ಉಚಿತ ವರದಿಯ ಕೊಂಡಿಯನ್ನು ಎದ್ದು ಕಾಣುವಂತೆ ಇಡಿ ಎಂದು ರಿಸರ್ವ್ ಬ್ಯಾಂಕು 2023ರ ಅಕ್ಟೋಬರಿನಲ್ಲಿ ಮತ್ತೆ ಹೇಳಬೇಕಾಯಿತು. ಎದ್ದು ಕಾಣುತ್ತಿದ್ದರೆ ಯಾಕೆ ಹೇಳುತ್ತಿತ್ತು?

ಬಿಟ್ಟಿ ಊಟ ಹಾಕಿ ಹೊಟ್ಟೆ ಬಗೆಯುವ ವಿದ್ಯೆ ಈ ಸೀಮೆಯದೇ. ಇಲ್ವಲ ಬಂದ ಅತಿಥಿಗೆ ಪ್ರೀತಿಯಿಂದ ಬಡಿಸುತ್ತಿದ್ದ, ಉಂಡವರು ಕೈತೊಳೆದ ಮೇಲೆ "ವಾತಾಪಿ, ಬಾರೋ" ಎಂದು ಕೂಗುತ್ತಿದ್ದ, ಅಡುಗೆಯಾಗಿ ಹೊಟ್ಟೆ ಸೇರಿದ್ದ ಆ ತಮ್ಮ ಉಂಡವರ ಹೊಟ್ಟೆ ಸೀಳಿಕೊಂಡು ಬರುತ್ತಿದ್ದ. ಅವರಿಬ್ಬರ ಕತೆಯನ್ನು ಅಗಸ್ತ್ಯರು ಮುಗಿಸಿದ್ದು ಇದೇ ಮಹಾಕೂಟದಲ್ಲಿ ಎನ್ನುತ್ತದೆ ಸ್ಥಳಪುರಾಣ. ಮೊಬೈಲಿನ ಆ್ಯಪುಗಳು ಅಂಕವನ್ನು ಪುಕ್ಕಟೆ ತೋರಿಸಿ, ಅರ್ಧ ತಾಸಿನೊಳಗೆ "ಸರ್, ಪರ್ಸನಲ್ ಲೋನ್ ಬೇಕಾಗಿತ್ತಾ" ಎಂದು ಫೋನು ಮಾಡಿಸುವಾಗ ನನಗೆ ಅಗಸ್ತ್ಯರ ಜೀರ್ಣಶಕ್ತಿ ನೆನಪಾಗುತ್ತದೆ. ಅಂಥ ಹೊಟ್ಟೆ ಎಲ್ಲರಿಗೂ ಎಲ್ಲಿಂದ ಬರಬೇಕು?

ಅಂತೂ ವರದಿ ಬಂತು. ಪ್ರಿಂಟಿಗೆ ಪುಟಕ್ಕೆ ಹತ್ತು ರೂಪಾಯಿ. ಹದಿಮೂರು ಪುಟ. ಉಚಿತ ವರದಿ ನೂರಾ ಮೂವತ್ತಕ್ಕೆ ಬಿತ್ತು, ಅಂದರೆ ಇಡೀ ಬೆಳಗಿನ ರೊಟ್ಟಿ.

ಒಳಗೆ ಏನಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮೊದಲ ಪುಟದಲ್ಲಿ ಹೆಸರು, ಹುಟ್ಟಿದ ದಿನ, ವಿಳಾಸ. ಆಮೇಲೆ ಒಂದೊಂದು ಸಾಲಕ್ಕೂ ಒಂದೊಂದು ಚೌಕಟ್ಟು, ಅದರ ಕೆಳಗೆ ತಿಂಗಳು ತಿಂಗಳಿನ ಪುಟ್ಟ ಪುಟ್ಟ ಮನೆಗಳು. ಮನೆಯೊಳಗೆ 000 ಅಂತಿದ್ದರೆ ಕಂತು ಹೊತ್ತಿಗೆ ಕಟ್ಟಿದ್ದಾರೆ ಎಂದರ್ಥ. 030, 060, 090 ಅಂತಿದ್ದರೆ ಅಷ್ಟು ದಿನ ತಡ. ಕೆಲವು ಮನೆಗಳಲ್ಲಿ ಎಸ್‌ಟಿಡಿ. "ಎಸ್‌ಟಿಡಿ ಬೂತ್ ಬಂದಾಗಿ ಎಷ್ಟ್ ವರ್ಷ ಆತು, ಇವರು ಇನ್ನೂ ನಡಸ್ಯಾರಲ್ಲ" ಎಂದ ಹುಡುಗ. ಅದು ಸ್ಟ್ಯಾಂಡರ್ಡ್, ಸಾಲ ಆರೋಗ್ಯವಾಗಿದೆ ಎಂಬ ಸರ್ಟಿಫಿಕೇಟು. ಇನ್ನು ಕೆಲವು ಮನೆಗಳಲ್ಲಿ ಮೂರು ಎಕ್ಸ್. ಆ ತಿಂಗಳು ಸಾಲ ಕೊಟ್ಟವರು ಏನೂ ತಿಳಿಸಿಲ್ಲ ಎಂದು ಅದರ ಅರ್ಥ. ಆಕೆ ವಾರವಾರ ಕಟ್ಟಿದ್ದಾಳೆ, ಇಸಿದುಕೊಂಡವರು ಬರೆದು ಕಳಿಸಲಿಲ್ಲ. ಕಟ್ಟದಿದ್ದರೆ ಮಾತ್ರ ಬರೆಯಲು ಮರೆಯುವುದಿಲ್ಲ.

ಸಂಘದ ಎರಡೂ ಸಾಲ ಚೊಕ್ಕ ಇದ್ದವು. ಮೂರನೆಯ ಚೌಕಟ್ಟಿನಲ್ಲಿ ಟ್ರ್ಯಾಕ್ಟರ್. "ನಾ ಯಾವಾಗ ಟ್ಯಾಕ್ಟರ್ ತಗೊಂಡೆ ತಮ್ಮಾ?" ತಗೊಂಡಿದ್ದು ಆಕೆಯ ಅಣ್ಣನ ಮಗ, ಈಕೆ ಜಾಮೀನು. "ಬರೇ ಒಂದ್ ಸಹಿ ಅತ್ತಿ" ಅಂದಿದ್ದನಂತೆ. ಜಾಮೀನು ನಿಂತವರ ವರದಿಯಲ್ಲೂ ಸಾಲ ಅಚ್ಚಾಗುತ್ತದೆ, ಅವನು ತಪ್ಪಿಸಿದ ಕಂತು ಈಕೆಯ ಕೊರಳಿಗೆ. ಬೀಗರ ಮುಂದೆ ಬೇಡ ಅನ್ನಲಾಗದೆ ಸಹಿ ಹಾಕಿದ ಅತ್ತೆ ಮಾವಂದಿರ ಪಟ್ಟಿ ತೆಗೆದರೆ ಬಾಗಲಕೋಟೆ ಜಿಲ್ಲೆಯಲ್ಲಿ ಮನೆಗೊಬ್ಬರು ಸಿಕ್ಕಾರು.

ನಾಲ್ಕನೆಯದು ಯಾವುದೋ ದೊಡ್ಡ ಮೊಬೈಲು, ಕಂತಿನ ಮೇಲೆ ಕೊಂಡದ್ದು, ಆರು ಕಂತು ಬಾಕಿ. ಈಕೆಯ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ವಿಳಾಸ ನೋಡಿದರೆ ಬೇರೆ ತಾಲೂಕು, ಹೆಸರು ಈಕೆಯದೇ, ಹುಟ್ಟಿದ ದಿನವೂ ಈಕೆಯದೇ. ಇಲ್ಲೊಂದು ರಹಸ್ಯ ಒಡೆಯಬೇಕು. ನಮ್ಮ ಕಡೆ ಶಾಲೆಗೆ ಹೋದವರೆಲ್ಲ ಹುಟ್ಟಿದ್ದು ಜೂನ್ 1. ಮಾಸ್ತರರು ಹುಡುಗನ ಕೈಯನ್ನು ತಲೆಯ ಮೇಲಿಂದ ತಂದು ಕಿವಿ ಮುಟ್ಟಿಸಿ ಅವತ್ತೇ ಜನ್ಮ ಕೊಟ್ಟರು. ಶಾಲೆಯ ಮೆಟ್ಟಿಲು ಹತ್ತದವರಿಗೆ ಆಧಾರಿನವರು ವರ್ಷ ಕೇಳಿ ಜನವರಿ 1 ಎಂದು ನಾಮಕರಣ ಮಾಡಿದರು. ಹೆಸರುಗಳಾದರೂ ಎಷ್ಟು? ಯಲ್ಲವ್ವ, ಬಸವ್ವ, ಮಲ್ಲವ್ವ, ಶಾಂತವ್ವ. ಮನೆ ನಂಬರು ಇಲ್ಲದ ವಿಳಾಸ: ಸಾಕೀನ್ ಇಂಥ ಊರು, ತಾಲೂಕು ಇಂಥದ್ದು. ಶಿಕಾಗೋದಲ್ಲಿ ಬರೆದ ಯಂತ್ರದ ಬುದ್ಧಿ ಒಂದೇ ದಿನ ಹುಟ್ಟಿದ ಒಂದೇ ಹೆಸರಿನ ಇಬ್ಬರನ್ನು ಕಂಡು, ಇಬ್ಬರಿರಲು ಸಾಧ್ಯವೇ ಇಲ್ಲ, ಇವಳೇ ಅವಳು ಎಂದು ತೀರ್ಮಾನಿಸಿದರೆ ಯಂತ್ರದ ತಪ್ಪೇನಿದೆ? ಅದು ನಮ್ಮ ಹೆಡ್‌ಮಾಸ್ತರರನ್ನು ನೋಡಿಲ್ಲ.

ತಕರಾರು ಹಾಕಿದ್ದಾಯಿತು. ಇಲ್ಲಿಂದ ಆಟ ಶುರು. ಬ್ಯಾಂಕಿನವರು, ಅದು ನಮ್ಮ ಕೈಯಲ್ಲಿಲ್ಲ, ಸಿಬಿಲಿನವರನ್ನು ಕೇಳು ಎನ್ನುತ್ತಾರೆ. ಸಿಬಿಲಿನಂಥ ಕಂಪನಿಗಳು, ನಾವು ಬರೇ ಬರೆದಿಡುವವರು, ಸಾಲ ಕೊಟ್ಟವರು ಹೇಳದೆ ಒಂದಕ್ಷರ ತಿದ್ದುವಂತಿಲ್ಲ ಎನ್ನುತ್ತವೆ. ಕಾನೂನು ಪ್ರಕಾರ ಅದು ನಿಜವೂ ಹೌದು. ಹೀಗಾಗಿ ಬರೆಯುವಾಗ ನಮ್ಮನ್ನು ಕೇಳಬೇಕಿಲ್ಲ, ಅಳಿಸುವಾಗ ಮಾತ್ರ ಎಲ್ಲರ ಒಪ್ಪಿಗೆ ಬೇಕು. ಮೂವತ್ತು ದಿನದೊಳಗೆ ಬಗೆಹರಿಸದಿದ್ದರೆ ತಡವಾದ ದಿನಕ್ಕೆ ನೂರು ರೂಪಾಯಿಯಂತೆ ದೂರುದಾರರಿಗೆ ಪರಿಹಾರ ಕೊಡಬೇಕು. 2024ರ ಏಪ್ರಿಲ್ 26ರಿಂದ ಇದು ಜಾರಿಯಲ್ಲಿದೆ. ಇದರಲ್ಲಿ ಸಾಲ ಕೊಟ್ಟವರಿಗೆ ಇಪ್ಪತ್ತೊಂದು ದಿನ. ಅದಕ್ಕೂ ಬಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. 2022ರ ಸೆಪ್ಟೆಂಬರಿನಿಂದ ಈ ಕಂಪನಿಗಳೂ ಅವರ ವ್ಯಾಪ್ತಿಗೆ ಬಂದಿವೆ, 14448ಕ್ಕೆ ಫೋನು ಮಾಡಿದರೆ ದಾರಿ ಹೇಳುತ್ತಾರೆ. ಇಷ್ಟು ಗಟ್ಟಿ ಕಾನೂನು ಇದ್ದರೂ ನೂರು ರೂಪಾಯಿಯ ಪರಿಹಾರ ಎಣಿಸಿಕೊಂಡವರು ನನ್ನ ಪರಿಚಯದಲ್ಲಿ ಯಾರೂ ಇಲ್ಲ. ಪರಿಹಾರ ಬೇಕಾದರೆ ಮೊದಲು ವರದಿ ನೋಡಿರಬೇಕು.

ದಿಲ್ಲಿಯ ಕಡೆಯಿಂದ ಮಾತ್ರ ಅಭಯವಾಣಿ ಬರುತ್ತಲೇ ಇರುತ್ತದೆ. ಮೊದಲ ಸಲ ಸಾಲ ಕೇಳುವವರಿಗೆ ಕನಿಷ್ಠ ಅಂಕ ಎಂಬುದೇ ಇಲ್ಲ, ಇತಿಹಾಸ ಇಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಬಾರದು ಎಂದು ಹಣಕಾಸು ರಾಜ್ಯಮಂತ್ರಿ ಪಂಕಜ್ ಚೌಧರಿ 2025ರಲ್ಲಿ ಲೋಕಸಭೆಗೆ ತಿಳಿಸಿದರು. ಪಕ್ಕದ ಮಹಾರಾಷ್ಟ್ರದಲ್ಲಿ ಮುಖ್ಯಮಂತ್ರಿ ಫಡ್ನವಿಸ್, ಬೆಳೆಸಾಲಕ್ಕೆ ಸಿಬಿಲ್ ಕೇಳುವ ಬ್ಯಾಂಕುಗಳ ಮೇಲೆ ಎಫ್‌ಐಆರ್ ಹಾಕಿಸುವುದಾಗಿ ಗುಡುಗಿದರು. ಅಂಕ ಕಡಿಮೆ ಎಂದು ವಿದ್ಯಾರ್ಥಿಗೆ ಶಿಕ್ಷಣ ಸಾಲ ನಿರಾಕರಿಸುವಂತಿಲ್ಲ ಎಂದು ಕೇರಳ ಹೈಕೋರ್ಟು 2023ರಲ್ಲೇ ಹೇಳಿದೆ. ಇವನ್ನೆಲ್ಲ ಪತ್ರಿಕೆಯಲ್ಲಿ ಓದಿ ಕತ್ತರಿಸಿ ಮ್ಯಾನೇಜರರ ಮುಂದಿಟ್ಟ ಬಾದಾಮಿಯ ಗೃಹಸ್ಥರೊಬ್ಬರಿಗೆ ಸಿಕ್ಕ ಉತ್ತರ: "ಹೌದ್ರೀ, ಪೇಪರಿನ್ಯಾಗ ಬಂದೈತಿ. ಸಿಸ್ಟಮ್ಮಿನ್ಯಾಗ ಬಂದಿಲ್ಲ."

ಸಿಸ್ಟಮ್ಮು ಎಲ್ಲರಿಗೂ ಇಷ್ಟು ಬಿಗಿ ಎಂದುಕೊಂಡರೆ ಅದಕ್ಕೆ ಅನ್ಯಾಯ ಮಾಡಿದಂತೆ. 2014-15ರಿಂದ 2023-24ರವರೆಗಿನ ಹತ್ತು ವರ್ಷದಲ್ಲಿ ನಮ್ಮ ಬ್ಯಾಂಕುಗಳು 16.35 ಲಕ್ಷ ಕೋಟಿ ರೂಪಾಯಿ ಸಾಲವನ್ನು ಪುಸ್ತಕದಿಂದ ತೆಗೆದುಹಾಕಿವೆ. ಲೆಕ್ಕ ಕೊಟ್ಟದ್ದು ಸಂಸತ್ತಿನಲ್ಲಿ ಸರಕಾರವೇ. ತೆಗೆದುಹಾಕಿದರೆ ಮನ್ನಾ ಮಾಡಿದಂತಲ್ಲ, ವಸೂಲಿ ನಡೆದೇ ಇರುತ್ತದೆ ಎಂಬ ಟಿಪ್ಪಣಿಯೂ ಜೊತೆಗಿತ್ತು. ಇರಬಹುದು. 2023ರ ಜೂನ್ 8ರಂದು ರಿಸರ್ವ್ ಬ್ಯಾಂಕು, ದುಡ್ಡಿದ್ದೂ ಬೇಕೆಂದೇ ಕಟ್ಟದವರ ಜೊತೆಗೂ ಬ್ಯಾಂಕುಗಳು ರಾಜಿ ಮಾಡಿಕೊಳ್ಳಬಹುದು ಎಂದಿತು. ಕೃಷಿಯೇತರ ಸಾಲದಲ್ಲಿ ರಾಜಿಯಾದವರು ಅದೇ ಬ್ಯಾಂಕಿನ ಬಾಗಿಲಿಗೆ ಮತ್ತೆ ಬರಲು ತಣ್ಣಗಾಗಬೇಕಾದ ಅವಧಿ ಕನಿಷ್ಠ 12 ತಿಂಗಳು. ಎರಡೂ ಕಡೆ "ಕನಿಷ್ಠ" ಎಂಬ ಮಾತಿದೆ ನೋಡಿ. ಒಂದು ಕಡೆ ಒಂದು ವರ್ಷ, ರೊಟ್ಟಿಯವಳ ದಾಖಲೆಗೆ ಏಳು.

ಆಕೆಯ ತಕರಾರಿಗೆ ಮೂವತ್ತು ದಿನ ತುಂಬಲು ಒಂದು ದಿನ ಇರುವಾಗ ಉತ್ತರ ಬಂತು. ಹುಡುಗ ಓದಿ ಹೇಳಿದ: ನಿಮ್ಮ ದೂರನ್ನು ಪರಿಶೀಲಿಸಲಾಗಿದೆ, ಸಾಲ ಕೊಟ್ಟ ಸಂಸ್ಥೆ ಮಾಹಿತಿ ಸರಿಯಿದೆ ಎಂದು ದೃಢಪಡಿಸಿದೆ, ದೂರು ಮುಕ್ತಾಯವಾಗಿದೆ, ನಮ್ಮ ಸೇವೆಗೆ ಐದಕ್ಕೆ ಎಷ್ಟು ಚುಕ್ಕಿ ಕೊಡುತ್ತೀರಿ? ಓಂಬುಡ್ಸ್‌ಮನ್ನರಿಗೆ ಬರೆಯೋಣ ಎಂದು ಅವನು ಇನ್ನೊಂದು ಫಾರ್ಮು ತೆಗೆಯುತ್ತಿದ್ದಂತೆ ಹುಬ್ಬಳ್ಳಿಯಿಂದ ಮಗನ ಫೋನು ಬಂತು. ಅವ್ವನ ಹೆಸರಿಗೆ ಅವನ ನಂಬರಿಗೆ ಮೆಸೇಜು ಬಂದಿದೆಯಂತೆ, ಯಾವುದೋ ಫೈನಾನ್ಸು, ಕಾಗದಪತ್ರ ಬೇಡ, ಎರಡು ನಿಮಿಷದಲ್ಲಿ ಐದು ಲಕ್ಷ ಮಂಜೂರು.

"ಎಮ್ಮಿಗೆ ಇಲ್ಲ, ಐದ್ ಲಕ್ಷಕ್ಕ ಐತಿ?" ಎಂದು ಆಕೆ ಹುಡುಗನ ಮುಖ ನೋಡಿದಳು. "ತಮ್ಮಾ, ಇವರ ಸಿಬಿಲ್ ಎಷ್ಟೈತಿ ಕೇಳು ಮೊದಲ. ಮತ್ತ ಯಾರ ಜಾಮೀನು ನಿಂತಾರ ಅದನ್ನೂ ಕೇಳು."